ಬಿಪಿ ಇಳಿಸುವ ಅವಸರಕ್ಕೂ ಒಂದು ಇತಿಹಾಸವಿದೆ

ಬಿಪಿ 240/140 ಇರುವ ರೋಗಿಯೊಬ್ಬರನ್ನು ಆಸ್ಪತ್ರೆಗೆ ಕರೆತಂದಿದ್ದಾರೆ ಅಂತಿಟ್ಟುಕೊಳ್ಳಿ. ಮನೆಯವರು ಕೇಳುವುದು ಒಂದೇ ಮಾತು, "ಡಾಕ್ಟ್ರೇ, ಮೊದಲು ಬಿಪಿ ಇಳಿಸಿ". ಅರ್ಧ ಗಂಟೆ ಬಿಟ್ಟು ಮತ್ತೆ ಬಂದು ಮಾನಿಟರ್ ನೋಡುತ್ತಾರೆ. 210 ಅಂತ ತೋರಿಸುತ್ತಿರುತ್ತದೆ. "ಇನ್ನೂ ಇಳಿದೇ ಇಲ್ವಲ್ಲ!" ಅಲ್ಲಿಗೆ ಒಳಗಿರುವವರಿಗೆ ಕೆಲಸ ಗೊತ್ತಿಲ್ಲ ಅನ್ನುವ ಗುಮಾನಿ ಶುರು. ಐಸಿಯುವಿನಲ್ಲಿ ಕೆಲಸ ಮಾಡುತ್ತಾ ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅಲ್ಲಿ ನಿಂತು ಸಮಾಧಾನವಾಗಿ ಉತ್ತರ ಹೇಳಲು ಪುರುಸೊತ್ತು ಸಿಗುವುದಿಲ್ಲ. ಅದಕ್ಕೇ ಇಲ್ಲಿ ಸಾವಕಾಶವಾಗಿ ಬರೆಯೋಣ ಅನ್ನಿಸಿತು.

ಯಾಕೆಂದರೆ ಉತ್ತರ ಇರುವುದು ಇತಿಹಾಸದಲ್ಲಿ. ಇಪ್ಪತ್ತನೇ ಶತಮಾನದ ಮೊದಲ ಐವತ್ತು ವರ್ಷ ವೈದ್ಯರಿಗೆ ಬಿಪಿ ಅಳೆಯಲು ಬರುತ್ತಿತ್ತು, ಇಳಿಸಲು ಬರುತ್ತಿರಲಿಲ್ಲ. ಆಮೇಲಿನ ಮೂವತ್ತು ವರ್ಷ ಇಳಿಸಲು ಬರುತ್ತಿತ್ತು, ಎಷ್ಟು ಬೇಗ ಇಳಿಸಬೇಕು ಅನ್ನುವುದು ಗೊತ್ತಿರಲಿಲ್ಲ. ಅದನ್ನು ಕಲಿಯುವಷ್ಟರಲ್ಲಿ ಕೆಲವರು ಕಣ್ಣು ಕಳೆದುಕೊಂಡರು, ಕೆಲವರಿಗೆ ಲಕ್ವ ಹೊಡೆಯಿತು. ಇಂದು ನಾವು ಔಷಧವನ್ನು ಹನಿ ಲೆಕ್ಕದಲ್ಲಿ ಬಿಡುತ್ತೇವಲ್ಲ, ಆ ನಿಧಾನ ಬಂದದ್ದು ಅವರಿಂದ.

*

ರಕ್ತಕ್ಕೆ ಇಷ್ಟು ಒತ್ತಡ ಇದೆ ಅಂತ ಮೊದಲು ಅಳೆದು ತೋರಿಸಿದವರು ಇಂಗ್ಲೆಂಡಿನ ಒಬ್ಬ ಪಾದ್ರಿ, ಸ್ಟೀಫನ್ ಹೇಲ್ಸ್. ಹೆಣ್ಣು ಕುದುರೆಯೊಂದನ್ನು ಕಟ್ಟಿ ಮಲಗಿಸಿ, ಅದರ ತೊಡೆಯ ಅಪಧಮನಿಗೆ ಹಿತ್ತಾಳೆ ಕೊಳವೆ ತೂರಿಸಿ, ಅದಕ್ಕೆ 9 ಅಡಿ ಉದ್ದದ ಗಾಜಿನ ನಳಿಗೆ ಜೋಡಿಸಿದರು. ರಕ್ತ 8 ಅಡಿ 3 ಅಂಗುಲದವರೆಗೆ ಏರಿತು! 1733ರಲ್ಲಿ ಅವರು ಇದನ್ನು ಪುಸ್ತಕವಾಗಿ ಪ್ರಕಟಿಸಿದರು. ಮನುಷ್ಯರಿಗೆ ಹೀಗೆಲ್ಲ ಮಾಡಲಾಗುತ್ತದೆಯೇ? ಅದಕ್ಕೆ ಇನ್ನೂ ನೂರರವತ್ತು ವರ್ಷ ಕಾಯಬೇಕಾಯಿತು. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ರಬ್ಬರ್ ಪಟ್ಟಿ ಸುತ್ತಿ ಗಾಳಿ ತುಂಬಿ ಪಾದರಸದಲ್ಲಿ ಒತ್ತಡ ಓದುವ ಉಪಕರಣ ತಂದರು. 1905ರಲ್ಲಿ ರಷ್ಯಾದ ನಿಕೊಲಾಯ್ ಕೊರೊಟ್ಕೋವ್ ಆ ಪಟ್ಟಿಯ ಕೆಳಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. ಗಾಳಿ ಬಿಡುತ್ತಾ ಹೋದಂತೆ ಟಪ್ ಟಪ್ ಸದ್ದು ಶುರುವಾಗುವ ಕಡೆ ಮೇಲಿನ ಅಂಕಿ, ಸದ್ದು ನಿಲ್ಲುವ ಕಡೆ ಕೆಳಗಿನ ಅಂಕಿ. ನಿಮ್ಮ ಊರಿನ ಡಾಕ್ಟರು ಇವತ್ತೂ ಸ್ಟೆತಾಸ್ಕೋಪ್ ಇಟ್ಟು ಕೇಳುವುದು ಅದೇ ಸದ್ದು.

ಅಳೆಯಲು ಬಂದ ಮೇಲೆ ಭಯಂಕರವಾದದ್ದೂ ಕಾಣತೊಡಗಿತು. ಕೆಲವರಲ್ಲಿ ಬಿಪಿ ಏರುತ್ತಾ ಹೋಗಿ ಕಣ್ಣಿನ ಹಿಂಭಾಗದಲ್ಲಿ ರಕ್ತಸ್ರಾವ, ಕಣ್ಣಿನ ನರ ಊದಿಕೊಳ್ಳುವುದು, ಮೂತ್ರಪಿಂಡ ಕೆಡುವುದು, ಕೊನೆಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪುವುದು. 1914ರಲ್ಲಿ ಜರ್ಮನಿಯ ಫೋಲ್‌ಹಾರ್ಡ್ ಮತ್ತು ಫಾರ್ ಇದನ್ನು ಬೇರೆಯದೇ ಒಂದು ಉಗ್ರರೂಪ ಅಂತ ಗುರುತಿಸಿದರು. ಇದಕ್ಕೆ 'ಮಾಲಿಗ್ನಂಟ್' ಅನ್ನುವ ಹೆಸರು ಬಿತ್ತು, ಕ್ಯಾನ್ಸರಿಗೆ ಬಳಸುವ ಅದೇ ಪದ. ಹೆಸರು ಸುಮ್ಮನೆ ಬಿದ್ದದ್ದಲ್ಲ. 1939ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ಕೀತ್, ವ್ಯಾಗನರ್ ಮತ್ತು ಬಾರ್ಕರ್ ರೋಗಿಗಳನ್ನು ಕಣ್ಣಿನ ಲಕ್ಷಣದ ಮೇಲೆ ನಾಲ್ಕು ಗುಂಪು ಮಾಡಿ ವರ್ಷಗಟ್ಟಲೆ ಹಿಂಬಾಲಿಸಿದ ಲೆಕ್ಕ ಕೊಟ್ಟರು. ಕಣ್ಣಿನ ನರ ಊದಿಕೊಂಡಿದ್ದ ನಾಲ್ಕನೇ ಗುಂಪಿನಲ್ಲಿ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 21. ಐದು ವರ್ಷದ ನಂತರ ನೂರಕ್ಕೆ ಒಬ್ಬರು.

ಇಷ್ಟಾದರೂ ಆಗಿನ ದೊಡ್ಡ ದೊಡ್ಡ ವೈದ್ಯರಲ್ಲಿ ಅನೇಕರು ಬಿಪಿಯನ್ನು ಮುಟ್ಟಬಾರದು ಅನ್ನುತ್ತಿದ್ದರು. ಅವರ ತರ್ಕ ಹೀಗಿತ್ತು: ರಕ್ತನಾಳ ಕಿರಿದಾಗಿದೆ, ಅದರೊಳಗೆ ರಕ್ತ ತಳ್ಳಲು ದೇಹ ಬೇಕೆಂದೇ ಒತ್ತಡ ಹೆಚ್ಚಿಸಿಕೊಂಡಿದೆ, ಇಳಿಸಿದರೆ ಅಂಗಗಳಿಗೆ ರಕ್ತ ಸಿಗುವುದಿಲ್ಲ. 1931ರಲ್ಲಿ ಬ್ರಿಟನ್ನಿನ ಜಾನ್ ಹೇ ಎಂಬ ಹೃದಯತಜ್ಞರು, ಬಿಪಿ ಇದೆ ಅಂತ ಗೊತ್ತಾಗುವುದೇ ರೋಗಿಗೆ ಅಪಾಯ, ಗೊತ್ತಾದರೆ ಇಳಿಸಲು ಹೊರಡುವ ಮೂರ್ಖರು ಇದ್ದೇ ಇರುತ್ತಾರೆ ಎಂಬರ್ಥದಲ್ಲಿ ಉಪನ್ಯಾಸದಲ್ಲೇ ಹೇಳಿದ್ದರು. ಈ ಮಾತನ್ನು ಇಂದಿಗೂ ಹಳೇ ಕಾಲದ ಅಜ್ಞಾನ ಅಂತ ತರಗತಿಗಳಲ್ಲಿ ಹೇಳಿ ನಗುವುದುಂಟು. ನಗುವ ಮೊದಲು ಸ್ವಲ್ಪ ತಡೆಯಿರಿ. ಅದರಲ್ಲಿ ಒಂದು ಕಾಳು ಸತ್ಯವೂ ಇತ್ತು, ಮುಂದೆ ಬರುತ್ತದೆ.

*

ಆ ಕಾಲದ ಅಸಹಾಯಕತೆ ಎಷ್ಟಿತ್ತು ಅಂತ ತಿಳಿಯಲು ಒಬ್ಬ ರೋಗಿಯ ಕಥೆ ಸಾಕು. ಜಗತ್ತಿನಲ್ಲೇ ಅತ್ಯುತ್ತಮ ಚಿಕಿತ್ಸೆ ಸಿಗಬಹುದಾಗಿದ್ದ ರೋಗಿ ಆತ, ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್.

ರೂಸ್‌ವೆಲ್ಟರ ಖಾಸಗಿ ವೈದ್ಯರಾಗಿದ್ದ ರಾಸ್ ಮ್ಯಾಕಿಂಟೈರ್ ಕಿವಿ-ಮೂಗು-ಗಂಟಲು ತಜ್ಞರು. 1944ರ ಮಾರ್ಚಿನಲ್ಲಿ ಹೋವರ್ಡ್ ಬ್ರೂಎನ್ ಎಂಬ ಯುವ ಹೃದಯತಜ್ಞರು ಅಧ್ಯಕ್ಷರನ್ನು ಪರೀಕ್ಷಿಸಿದಾಗ ಬಿಪಿ 186/108 ಇತ್ತು, ಹೃದಯ ದೊಡ್ಡದಾಗಿ ಸೋಲತೊಡಗಿತ್ತು. ಬ್ರೂಎನ್ ಕೈಯಲ್ಲಿ ಏನಿತ್ತು? ಹೃದಯಕ್ಕೆ ಡಿಜಿಟಾಲಿಸ್, ನಿದ್ರೆಗೆ ಫಿನೊಬಾರ್ಬಿಟಾಲ್, ಉಪ್ಪು ಕಡಿಮೆ, ಸಿಗರೇಟು ಕಡಿಮೆ, ವಿಶ್ರಾಂತಿ. ಅಷ್ಟೇ. ಅದೂ ಮಹಾಯುದ್ಧದ ನಡುವೆ ವಿಶ್ರಾಂತಿ! 1944ರ ಜೂನಿನಲ್ಲಿ ಮಿತ್ರಸೇನೆ ಫ್ರಾನ್ಸಿನ ನಾರ್ಮಂಡಿ ತೀರಕ್ಕೆ ಇಳಿದ ದಿನ ಅವರ ಬಿಪಿ 226/118. 1945ರ ಫೆಬ್ರವರಿಯಲ್ಲಿ ಚರ್ಚಿಲ್, ಸ್ಟಾಲಿನ್ ಜೊತೆ ಯಾಲ್ಟಾದಲ್ಲಿ ಕೂತಾಗಲೂ ಬಿಪಿ ಏರಿಯೇ ಇತ್ತು. 1945ರ ಏಪ್ರಿಲ್ 12ರ ಮಧ್ಯಾಹ್ನ ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಚಿತ್ರಕಾರ್ತಿಯೊಬ್ಬರ ಮುಂದೆ ಕೂತಿದ್ದಾಗ ತಲೆಯ ಹಿಂಭಾಗ ವಿಪರೀತ ನೋವು ಅಂದರು, ಕುಸಿದರು. ಬ್ರೂಎನ್ ಅಳೆದಾಗ 300/190. ಮಿದುಳಿನಲ್ಲಿ ರಕ್ತಸ್ರಾವ. ಎರಡೂವರೆ ಗಂಟೆಯೊಳಗೆ ಎಲ್ಲ ಮುಗಿಯಿತು. ವಯಸ್ಸು 63.

ಅನಿರೀಕ್ಷಿತವಾಗಿ ಬಂದ ಸಾವು ಎಂಬಂತೆ ಮ್ಯಾಕಿಂಟೈರ್ ಲೋಕಕ್ಕೆ ಹೇಳಿದರು. ಬಿಪಿಯ ಅಂಕಿಗಳು ಜನರಿಗೆ ತಿಳಿದದ್ದು 1970ರಲ್ಲಿ, ಬ್ರೂಎನ್ ವೈದ್ಯಕೀಯ ಪತ್ರಿಕೆಯಲ್ಲಿ ಎಲ್ಲವನ್ನೂ ಬರೆದಾಗ. ಆ ಅಂಕಿಗಳನ್ನು ಸಾಲಾಗಿ ಓದಿದರೆ ಅನಿರೀಕ್ಷಿತ ಅನ್ನುವ ಪದ ಬಾಯಿಗೆ ಬರುವುದಿಲ್ಲ. ಆದರೆ ಬ್ರೂಎನ್ ಅವರನ್ನು ದೂರುವಂತೆಯೂ ಇಲ್ಲ. ಅವರಿಗೆ ಕಾಣುತ್ತಿತ್ತು, ಕೈಯಲ್ಲಿ ಔಷಧ ಇರಲಿಲ್ಲ.

*

ಔಷಧ ಬಂದ ದಾರಿಗಳಲ್ಲಿ ಒಂದು ನಮ್ಮ ದೇಶದಿಂದ ಹೊರಟದ್ದು. ಸರ್ಪಗಂಧ ಗೊತ್ತಲ್ಲ? ನಮ್ಮ ಪಶ್ಚಿಮ ಘಟ್ಟದ ಕಾಡುಗಳಲ್ಲೂ ಬೆಳೆಯುವ ಗಿಡ. ಇದರ ಬೇರು ಬಿಹಾರದ ಕಡೆ 'ಪಾಗಲ್ ಕಿ ದವಾ', ಅಂದರೆ ಹುಚ್ಚಿನ ಮದ್ದು ಅಂತಲೇ ಹೆಸರುವಾಸಿ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಈ ಬೇರು ಮನೋರೋಗಕ್ಕೂ ಏರಿದ ಬಿಪಿಗೂ ಉಪಯೋಗ ಅಂತ ಭಾರತದ ಪತ್ರಿಕೆಯೊಂದರಲ್ಲಿ ಬರೆದರು. ಹೊರಗಿನ ಜಗತ್ತು ಅದನ್ನು ಓದಲಿಲ್ಲ. 1949ರಲ್ಲಿ ಬೊಂಬಾಯಿಯ ರುಸ್ತುಮ್ ಜಾಲ್ ವಕೀಲ್ 50 ರೋಗಿಗಳಿಗೆ ಇದನ್ನು ಕೊಟ್ಟ ಅನುಭವವನ್ನು ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಪ್ರಕಟಿಸಿದಾಗ ಎಲ್ಲರ ಕಿವಿ ನೆಟ್ಟಗಾಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯವರು ಬೇರಿನಿಂದ ರಿಸರ್ಪಿನ್ ಬೇರ್ಪಡಿಸಿದರು. 1957ರಲ್ಲಿ ವಕೀಲರಿಗೆ ಅಮೆರಿಕದ ಲಾಸ್ಕರ್ ಪ್ರಶಸ್ತಿ ಬಂತು.

ರಿಸರ್ಪಿನ್ ಇಂಜೆಕ್ಷನ್ ತುರ್ತು ಸ್ಥಿತಿಗೂ ಬಳಕೆಗೆ ಬಂತು. ಆದರೆ ಅದಕ್ಕೊಂದು ತೊಡಕು. ಕೊಟ್ಟ ಮೇಲೆ ಒಂದೆರಡು ಗಂಟೆ ಏನೂ ಆಗದು, ಆಮೇಲೆ ಎಷ್ಟು ಇಳಿಯುತ್ತೆ ಅಂತ ಹೇಳಲಾಗದು. ಜೊತೆಗೆ ರೋಗಿ ಮಂಪರಾಗುತ್ತಾನೆ. ತಲೆಯೊಳಗೆ ರಕ್ತಸ್ರಾವವಾಗಿ ಮಂಪರೋ, ಔಷಧದಿಂದ ಮಂಪರೋ? ತಿಳಿಯುವುದು ಹೇಗೆ?

ಇದೇ ಹೊತ್ತಿಗೆ ಭೂಮಿಯ ಇನ್ನೊಂದು ತುದಿಯಲ್ಲಿ, ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ, ಹೊರೇಸ್ ಸ್ಮರ್ಕ್ ಎಂಬ ಪ್ರಾಧ್ಯಾಪಕರು ಹೆಕ್ಸಮಿಥೋನಿಯಂ ಅನ್ನುವ ಔಷಧ ಹಿಡಿದು ಕೂತಿದ್ದರು. ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳ ಸಂದೇಶವನ್ನು ಅದು ನಡುದಾರಿಯಲ್ಲೇ ತಡೆಯುತ್ತಿತ್ತು. 1950ರಿಂದ ಅವರು ಚರ್ಮದ ಕೆಳಗೆ ದಿನಕ್ಕೆ ಹಲವು ಸಲ ಚುಚ್ಚಿ, ಪ್ರತಿ ಸಲ ಬಿಪಿ ನೋಡಿ, ಪ್ರಮಾಣ ತಿದ್ದುತ್ತಾ ಹೋದರು. ರೋಗಿಗಳ ಪಾಡು ಹೇಳತೀರದು. ಬಾಯಿ ಒಣಗುತ್ತೆ, ಮಲಬದ್ಧತೆ, ಕಣ್ಣು ಮಂಜು, ಎದ್ದು ನಿಂತರೆ ಬವಳಿ ಬಂದು ಬೀಳುತ್ತಾರೆ. ಆದರೆ ಊದಿಕೊಂಡಿದ್ದ ಕಣ್ಣಿನ ನರ ಇಳಿಯಿತು, ಸಾಯಬೇಕಿದ್ದವರು ಬದುಕಿದರು. ಬಿಪಿ ಇಳಿಸಿದರೆ ಪ್ರಾಣ ಉಳಿಯುತ್ತದೆ ಅಂತ ಕಣ್ಣಾರೆ ಕಂಡದ್ದು ಆಗ.

ಮಾಲಿಗ್ನಂಟ್ ಅಲ್ಲದ, ಆದರೂ ತುಂಬಾ ಏರಿದ ಬಿಪಿಗೆ ಪಕ್ಕಾ ಪುರಾವೆ ಸಿಕ್ಕಿದ್ದು 1967ರಲ್ಲಿ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ನೇತೃತ್ವದಲ್ಲಿ ನಡೆದ ಪರೀಕ್ಷೆ ಅದು. ಕೆಳಗಿನ ಅಂಕಿ 115ರಿಂದ 129 ಇದ್ದ 143 ಗಂಡಸರು. ಅರ್ಧದಷ್ಟು ಜನಕ್ಕೆ ನಿಜವಾದ ಔಷಧ, ಉಳಿದವರಿಗೆ ಹುಸಿಮಾತ್ರೆ. ಹುಸಿಮಾತ್ರೆಯ ಗುಂಪಿನಲ್ಲಿ 27 ಜನರಿಗೆ ಗಂಭೀರ ತೊಂದರೆಯಾಯಿತು, ಔಷಧ ತೆಗೆದುಕೊಂಡವರಲ್ಲಿ ಇಬ್ಬರಿಗೆ. ಕೊಟ್ಟ ಮೂರು ಔಷಧಗಳಲ್ಲಿ ಒಂದು ನಮ್ಮ ಸರ್ಪಗಂಧದ ರಿಸರ್ಪಿನ್! ಬಿಪಿಯನ್ನು ಮುಟ್ಟಬಾರದು ಅನ್ನುವ ವಾದ ಅಲ್ಲಿಗೆ ಬಿದ್ದುಹೋಯಿತು.

*

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ವಾದ ಗೆದ್ದವರು ಈಗ ಇನ್ನೊಂದು ತುದಿಗೆ ಹೋದರು. ಇಳಿಸುವುದು ಒಳ್ಳೆಯದು ಅಂದಮೇಲೆ ಬೇಗ ಇಳಿಸುವುದು ಇನ್ನೂ ಒಳ್ಳೆಯದಲ್ಲವೇ?

1970ರ ದಶಕದಲ್ಲಿ ಡಯಾಜಾಕ್ಸೈಡ್ ಅನ್ನುವ ಔಷಧದ ಕಾಲ. 300 ಮಿಲಿಗ್ರಾಂ, ಒಂದೇ ಏಟಿಗೆ, ಅರ್ಧ ನಿಮಿಷದೊಳಗೆ ರಕ್ತನಾಳಕ್ಕೆ ಕೊಡಬೇಕು ಅನ್ನುವುದು ವಿಧಾನ. ನಿಧಾನ ಕೊಟ್ಟರೆ ರಕ್ತದ ಪ್ರೋಟೀನಿಗೆ ಅಂಟಿಕೊಂಡು ಕೆಲಸ ಮಾಡುವುದಿಲ್ಲ ಅಂತ ನಂಬಿದ್ದರು. ನಿಮಿಷಗಳಲ್ಲಿ ಬಿಪಿ ಧೊಪ್ಪನೆ ಬೀಳುತ್ತಿತ್ತು. ಬಿದ್ದದ್ದು ಎಲ್ಲಿಗೆ ನಿಲ್ಲುತ್ತೆ ಅನ್ನುವುದು ಕೊಟ್ಟವರ ಕೈಯಲ್ಲಿರಲಿಲ್ಲ. ಸ್ವಲ್ಪ ದಿನದಲ್ಲೇ ವರದಿಗಳು ಬರತೊಡಗಿದವು. ಬಿಪಿ ಚೆನ್ನಾಗಿ ಇಳಿದ ಮೇಲೆ ಹೃದಯಾಘಾತ, ಬಿಪಿ ಚೆನ್ನಾಗಿ ಇಳಿದ ಮೇಲೆ ಲಕ್ವ. 1979ರಲ್ಲಿ ಇಂಗ್ಲೆಂಡಿನ ಲೆಡಿಂಗ್‌ಹ್ಯಾಮ್ ಮತ್ತು ರಾಜಗೋಪಾಲನ್, ತೀವ್ರ ಬಿಪಿಗೆ ಚಿಕಿತ್ಸೆ ಪಡೆದು ಅದರಿಂದಲೇ ಮಿದುಳಿಗೆ ಹಾನಿಯಾದ ಹತ್ತು ಜನರ ವಿವರ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಚಿಕಿತ್ಸೆಯ ನಂತರ ಕುರುಡಾದವರ ವರದಿ ಬಂತು. ರೋಗ ಮಾಡಬೇಕಿದ್ದ ಕೆಲಸವನ್ನು ಮದ್ದು ಮಾಡಿತ್ತು.

ಹೀಗೇಕಾಯಿತು ಅನ್ನುವುದಕ್ಕೆ ಉತ್ತರ ಕೋಪನ್‌ಹೇಗನ್‌ನಲ್ಲಿ ಆಗಲೇ ಸಿದ್ಧವಾಗಿತ್ತು. ಅದನ್ನು ನಾನು ಹೀಗೆ ವಿವರಿಸುತ್ತೇನೆ. ಕೆರೆ ನೀರಾವರಿಯ ಊರುಗಳಲ್ಲಿ ನೀರುಗಂಟಿ ಅಂತ ಇರುತ್ತಾರೆ. ಕೆರೆ ತುಂಬಿದ್ದಾಗ ತೂಬನ್ನು ಸ್ವಲ್ಪವೇ ಎತ್ತುತ್ತಾರೆ, ನೀರು ತಗ್ಗಿದಾಗ ಹೆಚ್ಚು ಎತ್ತುತ್ತಾರೆ. ಹೀಗಾಗಿ ಗದ್ದೆಗೆ ಹೋಗುವ ನೀರು ಹೆಚ್ಚುಕಡಿಮೆ ಒಂದೇ ಸಮ. ಮಿದುಳಿನ ಸಣ್ಣ ರಕ್ತನಾಳಗಳು ಈ ನೀರುಗಂಟಿ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ಆರೋಗ್ಯವಂತರಲ್ಲಿ ಸರಾಸರಿ ಒತ್ತಡ ಸುಮಾರು 60ರಿಂದ 150ರ ನಡುವೆ ಎಲ್ಲಿದ್ದರೂ ಮಿದುಳಿಗೆ ಸಿಗುವ ರಕ್ತ ಅಷ್ಟೇ ಇರುತ್ತದೆ. ಡೆನ್ಮಾರ್ಕಿನ ನೀಲ್ಸ್ ಲಾಸೆನ್ 1959ರಲ್ಲೇ ಇದನ್ನು ವಿವರಿಸಿದ್ದರು. 1973ರಲ್ಲಿ ಸ್ಟ್ರಾಂಡ್‌ಗಾರ್ಡ್, ಲಾಸೆನ್ ಮತ್ತಿತರರು ವರ್ಷಗಟ್ಟಲೆ ಬಿಪಿ ಇದ್ದವರನ್ನು ಅಳೆದು ನೋಡಿದರು. ಅವರಲ್ಲಿ ಈ ವ್ಯಾಪ್ತಿಯೇ ಮೇಲಕ್ಕೆ ಸರಿದಿತ್ತು. ಯಾವಾಗಲೂ ತುಂಬಿದ ಕೆರೆಗೆ ಒಗ್ಗಿಹೋದ ತೂಬು ಅದು, ಸವೆದು ದಪ್ಪಗಾಗಿ ಪೂರ್ತಿ ಏಳುವುದೇ ಇಲ್ಲ. ಕೆರೆಯ ನೀರನ್ನು ಒಮ್ಮೆಲೇ ಇಳಿಸಿದಿರೋ, ಕೊನೆಯ ಗದ್ದೆ ಒಣಗುತ್ತದೆ. ನಿಮಗೂ ನನಗೂ ಸಲೀಸಾಗಿ ನಡೆಯುವ 120/80 ಆ ರೋಗಿಯ ಮಿದುಳಿಗೆ ಬರಗಾಲ ಆಗಬಹುದು.

ಜಾನ್ ಹೇ ಮಾತಿನಲ್ಲಿ ಒಂದು ಕಾಳು ಸತ್ಯ ಅಂದೆನಲ್ಲ, ಅದು ಇದೇ. ಒತ್ತಡಕ್ಕೆ ದೇಹ ಒಗ್ಗಿಕೊಂಡಿರುತ್ತದೆ ಅನ್ನುವುದು ನಿಜ. ಅದಕ್ಕಾಗಿ ಇಳಿಸಲೇಬಾರದು ಅಂದದ್ದು ತಪ್ಪು. ಇಳಿಸುತ್ತಾ ಹೋದರೆ ತೂಬು ಕೂಡ ದಿನ, ವಾರ ಕಳೆದಂತೆ ಸ್ವಲ್ಪ ಸ್ವಲ್ಪ ಮತ್ತೆ ಪಳಗುತ್ತದೆ.

*

ಇಷ್ಟು ಗೊತ್ತಾದ ಮೇಲೂ ನಮ್ಮ ದೇಶವನ್ನೂ ಸೇರಿಸಿ ಎಲ್ಲ ಕಡೆ ಒಂದು ಅಭ್ಯಾಸ ಬೇರೂರಿತು. ನಿಫೆಡಿಪಿನ್ ಕ್ಯಾಪ್ಸೂಲ್. ಎದೆನೋವಿನ ರೋಗಕ್ಕೆ ಬಂದ ಔಷಧ, ಒಳಗೆ ದ್ರವ. ಸೂಜಿಯಲ್ಲಿ ತೂತು ಮಾಡಿ ನಾಲಿಗೆ ಕೆಳಗೆ ಹಿಂಡಿದರೆ ಹತ್ತು ನಿಮಿಷದಲ್ಲಿ ಬಿಪಿ ಇಳಿಯುತ್ತೆ. ಡ್ರಿಪ್ ಬೇಡ, ಪಂಪ್ ಬೇಡ. ನಾನು ವೈದ್ಯಕೀಯ ಓದುತ್ತಿದ್ದ ಕಾಲದಲ್ಲಿ ವಾರ್ಡಿನ ಟ್ರೇಯಲ್ಲಿ ಈ ಕ್ಯಾಪ್ಸೂಲು ಸದಾ ಸಿದ್ಧ. ರಾತ್ರಿ ಯಾರದೋ ಬಿಪಿ 190 ಅಂತ ನರ್ಸ್ ಫೋನ್ ಮಾಡಿದರೆ ಡ್ಯೂಟಿ ಡಾಕ್ಟರು ಹಾಸಿಗೆಯಿಂದ ಏಳದೆಯೇ "ಒಂದು ಹಿಂಡಿ" ಅನ್ನುತ್ತಿದ್ದರು. ಬೆಳಿಗ್ಗೆ ಕೇಸ್ ಶೀಟಿನಲ್ಲಿ ಅಂಕಿ ಚೆಂದ ಕಾಣುತ್ತಿತ್ತು, ಎಲ್ಲರಿಗೂ ನೆಮ್ಮದಿ.

ತಮಾಷೆ ಏನೆಂದರೆ ನಾಲಿಗೆ ಕೆಳಗಿಂದ ಆ ಔಷಧ ಹೀರಿಕೊಳ್ಳುವುದು ತೀರಾ ಅತ್ಯಲ್ಪ ಅಂತ 1987ರಲ್ಲೇ ತೋರಿಸಿದ್ದರು. ಕೆಲಸ ಮಾಡುತ್ತಿದ್ದದ್ದು ನುಂಗಿದ ಭಾಗ. ಎಷ್ಟು ನುಂಗಿದರು, ಎಷ್ಟು ಇಳಿಯುತ್ತದೆ ಎರಡೂ ಅಂದಾಜು. ಬೇಡ ಅನಿಸಿದರೆ ವಾಪಸ್ ತೆಗೆಯಲಂತೂ ಸಾಧ್ಯವಿಲ್ಲ. 1985ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಳಕೆಗೆ ಒಪ್ಪಿಗೆ ಕೊಡಲು ನಿರಾಕರಿಸಿತ್ತು. 1996ರಲ್ಲಿ ಗ್ರಾಸ್‌ಮನ್, ಮೆಸ್ಸೆರ್ಲಿ ಮತ್ತಿತರರು ಅಲ್ಲಿಯವರೆಗೆ ವರದಿಯಾದ ಲಕ್ವ, ಹೃದಯಾಘಾತ, ಸಾವುಗಳನ್ನೆಲ್ಲ ಒಟ್ಟುಗೂಡಿಸಿ, ಈ ಪದ್ಧತಿಯನ್ನು ನಿಲ್ಲಿಸಬಾರದೇ ಅಂತ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ನೇರವಾಗಿ ಕೇಳಿದರು. ಅವರು ಎತ್ತಿದ ಇನ್ನೊಂದು ಪ್ರಶ್ನೆ ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ. ಈ ಕ್ಯಾಪ್ಸೂಲ್ ಹಿಂಡಿಸಿಕೊಂಡವರಲ್ಲಿ ಬಹುಪಾಲು ಜನಕ್ಕೆ ನಿಜವಾದ ತುರ್ತುಸ್ಥಿತಿ ಇತ್ತೇ? ಅಂಕಿ ದೊಡ್ಡದಿತ್ತು ಅಷ್ಟೇ. ಅಂಗಗಳಿಗೆ ಏನೂ ಆಗಿರಲಿಲ್ಲ. ಚಿಕಿತ್ಸೆ ಸಿಕ್ಕಿದ್ದು ರೋಗಿಗಲ್ಲ, ಅಂಕಿಗೆ, ಮತ್ತು ಅದನ್ನು ನೋಡಿದವರ ಗಾಬರಿಗೆ.

*

ಹಾಗಾದರೆ ಈಗ ಏನು ಮಾಡುತ್ತಾರೆ?

ಮೊದಲ ಪ್ರಶ್ನೆ, ಈ ಒತ್ತಡದಿಂದ ಈಗಲೇ ಯಾವುದಾದರೂ ಅಂಗ ಹಾಳಾಗುತ್ತಿದೆಯೇ? ಮಿದುಳು, ಕಣ್ಣು, ಹೃದಯ, ಮೂತ್ರಪಿಂಡ, ಮಹಾಪಧಮನಿ. ಸಾಮಾನ್ಯವಾಗಿ 180/120 ದಾಟಿದ ಮೇಲೆ ಈ ಹುಡುಕಾಟ. ಹಾನಿ ಕಾಣದಿದ್ದರೆ ಇಂಜೆಕ್ಷನ್ ಬೇಡ, ಮಾತ್ರೆಯಲ್ಲಿ ದಿನಗಟ್ಟಲೆ ನಿಧಾನವಾಗಿ ಇಳಿಸಿದರೆ ಸಾಕು. ಈಗಾಗಲೇ ಐಸಿಯುವಿನಲ್ಲಿರುವ ರೋಗಿಗೆ ಬಿಪಿ ಏರಿದರೆ ಇನ್ನೂ ಸರಳ ಕಾರಣ ಇರಬಹುದು. ನೋವು, ತುಂಬಿದ ಮೂತ್ರಚೀಲ, ವೆಂಟಿಲೇಟರಿನ ಕೊಳವೆಯ ಕಿರಿಕಿರಿ, ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಮಾತ್ರೆ ಇಲ್ಲಿ ಬಿಟ್ಟುಹೋಗಿರುವುದು. ಮೊದಲು ಅದನ್ನು ನೋಡಿ ಅಂತ 2024ರಲ್ಲಿ ಅಮೆರಿಕದ ಹೃದಯ ಸಂಘವೂ ಒತ್ತಿ ಹೇಳಿತು.

ಹಾನಿ ಆಗುತ್ತಿದ್ದರೆ ಐಸಿಯು, ರಕ್ತನಾಳದ ಮೂಲಕ ಔಷಧ. ಮಣಿಕಟ್ಟಿನ ಅಪಧಮನಿಯಲ್ಲಿ ಸಣ್ಣ ಕೊಳವೆ ಇಟ್ಟರೆ ಪ್ರತಿ ಬಡಿತದ ಒತ್ತಡ ಪರದೆಯ ಮೇಲೆ ಕಾಣುತ್ತದೆ. ಯೋಚಿಸಿ ನೋಡಿದರೆ ಇದು ಹೇಲ್ಸ್ ಕುದುರೆಗೆ ಮಾಡಿದ್ದೇ! ಹೀಗೆ ಕ್ಷಣಕ್ಷಣ ನೋಡಲು ಬಂದದ್ದರಿಂದ ಕ್ಷಣಕ್ಷಣ ತಿದ್ದಬಹುದಾದ ಔಷಧಕ್ಕೂ ಅರ್ಥ ಬಂತು. ಅಂಥದ್ದರಲ್ಲಿ ಹಳೆಯದು ನೈಟ್ರೋಪ್ರುಸೈಡ್. ಅಮೆರಿಕದ ಅರ್ವಿನ್ ಪೇಜ್ ಮತ್ತು ಸಂಗಡಿಗರು 1955ರಲ್ಲಿ ರೋಗಿಗಳ ಮೇಲೆ ಅದರ ಪರಿಣಾಮ ತೋರಿಸಿದರು, ಅಲ್ಲಿ ಅದಕ್ಕೆ ಪರವಾನಗಿ ಸಿಕ್ಕಿದ್ದು 1974ರಲ್ಲಿ. ಪಂಪ್ ನಿಲ್ಲಿಸಿದರೆ ಕೆಲವೇ ನಿಮಿಷದಲ್ಲಿ ಅದರ ಪ್ರಭಾವ ಮಾಯ. ಬೆಳಕಿಗೆ ಕೆಡುತ್ತದೆ, ಹಾಗಾಗಿ ಸಿರಿಂಜಿಗೂ ಟ್ಯೂಬಿಗೂ ಕಪ್ಪು ಕಾಗದವೋ ಅಲ್ಯೂಮಿನಿಯಂ ಹಾಳೆಯೋ ಸುತ್ತುತ್ತೇವೆ. ಹೆಚ್ಚು ಹೊತ್ತು, ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ದೇಹದಲ್ಲಿ ಸಯನೈಡ್ ಸೇರುತ್ತದೆ ಅನ್ನುವುದು ಅದರ ಕೆಟ್ಟ ಗುಣ. ಅದಕ್ಕೇ ಈಗ ಲ್ಯಾಬೆಟಲಾಲ್, ನಿಕಾರ್ಡಿಪಿನ್‌ನಂಥವು ಅದರ ಜಾಗಕ್ಕೆ ಬಂದಿವೆ.

ಎಷ್ಟು ಇಳಿಸಬೇಕು? ಮೊದಲ ಗಂಟೆಯಲ್ಲಿ ಸರಾಸರಿ ಒತ್ತಡದ ಕಾಲು ಭಾಗಕ್ಕಿಂತ ಹೆಚ್ಚು ಬೇಡ. ಮಿದುಳಿನ ನೀರುಗಂಟಿ ತಡೆದುಕೊಳ್ಳಬಲ್ಲ ಇಳಿತ ಸುಮಾರು ಅಷ್ಟೇ ಅಂತ ಸ್ಟ್ರಾಂಡ್‌ಗಾರ್ಡ್ ಅಳತೆಗಳು ತೋರಿಸಿದ್ದವು. ಆಮೇಲಿನ ಎರಡರಿಂದ ಆರು ಗಂಟೆಯಲ್ಲಿ 160/100ರ ಆಸುಪಾಸು, ಮತ್ತೆ ಒಂದೆರಡು ದಿನದಲ್ಲಿ ಸಹಜಕ್ಕೆ. ಮೇಲೆ ಹೇಳಿದ 240/140 ತೆಗೆದುಕೊಳ್ಳಿ. ಕೆಳಗಿನ ಅಂಕಿಯ ಎರಡರಷ್ಟಕ್ಕೆ ಮೇಲಿನದನ್ನು ಕೂಡಿ ಮೂರರಿಂದ ಭಾಗಿಸಿದರೆ ಸರಾಸರಿ 173. ಅದರಲ್ಲಿ ಕಾಲು ಭಾಗ ಕಳೆದರೆ 130. ಅಂದರೆ ಒಂದು ಗಂಟೆಯ ನಂತರ 170/110 ಇದ್ದರೆ ಮಿತಿ ಮುಟ್ಟಿದ ಹಾಗೆ, ಅದಕ್ಕಿಂತ ಕೆಳಗೆ ಆ ಗಂಟೆಯಲ್ಲಿ ಹೋಗಬಾರದು. ಅರ್ಧ ಗಂಟೆಗೆ 210 ಇದ್ದರೆ ಚಿಕಿತ್ಸೆ ಸರಿದಾರಿಯಲ್ಲಿದೆ ಅಂತಲೇ ಅರ್ಥ.

ಈ ನಿಯಮಕ್ಕೆ ಅಪವಾದಗಳಿವೆ, ಅಪವಾದಗಳೇ ಪ್ರಾಣ ಉಳಿಸುವುದು. ಮಹಾಪಧಮನಿಯ ಒಳಪದರ ಹರಿದು ಸೀಳುತ್ತಾ ಹೋಗುತ್ತಿದ್ದರೆ ಕಾಯುವಂತಿಲ್ಲ. 1965ರಲ್ಲಿ ಅಮೆರಿಕದ ಮೈರನ್ ವೀಟ್ ಎಂಬ ಶಸ್ತ್ರವೈದ್ಯರೇ, ಆಪರೇಷನ್ ಇಲ್ಲದೆ ಔಷಧದಿಂದ ಇಂಥವರನ್ನು ಉಳಿಸಬಹುದು ಅಂತ ತೋರಿಸಿದರು. ಈಗ ಮೊದಲು ಹೃದಯದ ಬಡಿತವನ್ನು ನಿಮಿಷಕ್ಕೆ 60ರ ಕೆಳಗೆ ತಂದು, ನಿಮಿಷಗಳಲ್ಲೇ ಮೇಲಿನ ಅಂಕಿಯನ್ನು 120ಕ್ಕೆ ಇಳಿಸುತ್ತಾರೆ. ಬಡಿತ ತಗ್ಗಿಸದೆ ಬರೀ ರಕ್ತನಾಳ ಸಡಿಲಿಸಿದರೆ ಹೃದಯ ಇನ್ನೂ ಜೋರಾಗಿ ಬಡಿದು ಸೀಳು ಹೆಚ್ಚಾಗುತ್ತದೆ. ಗರ್ಭಿಣಿಯರಲ್ಲಿ 160/110 ಅಂದರೇ ತುರ್ತು, ಒಂದು ಗಂಟೆಯೊಳಗೆ ಔಷಧ ಶುರುವಾಗಬೇಕು. ಫಿಟ್ಸ್ ತಡೆಯಲು ಮೆಗ್ನೀಷಿಯಂ ಸಲ್ಫೇಟ್ ಕೊಡುತ್ತಾರೆ. ಅದು ಫಿಟ್ಸ್ ಅಪಾಯವನ್ನು ಅರ್ಧಕ್ಕಿಳಿಸುತ್ತದೆ ಅಂತ ಭಾರತವೂ ಸೇರಿ 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಮ್ಯಾಗ್‌ಪೈ ಪರೀಕ್ಷೆ 2002ರಲ್ಲಿ ತೋರಿಸಿತು. ಇನ್ನೊಂದು ವಿಷಯ ಕೇಳಿ. 2019ರಲ್ಲಿ ನಾಗಪುರದ ಎರಡು ಸರ್ಕಾರಿ ಆಸ್ಪತ್ರೆಗಳಲ್ಲಿ 894 ಗರ್ಭಿಣಿಯರ ಮೇಲೆ ಮೂರು ಬಾಯಿಮಾತ್ರೆಗಳನ್ನು ಹೋಲಿಸಿದ ಪರೀಕ್ಷೆ ಪ್ರಕಟವಾಯಿತು. ಮೂರೂ ಉಪಯುಕ್ತ, ಅದರಲ್ಲಿ ಒಂದು ನಿಧಾನವಾಗಿ ಬಿಡುಗಡೆಯಾಗುವ ನಿಫೆಡಿಪಿನ್! ಅದೇ ಔಷಧ. ನುಂಗುವ, ನಿಧಾನದ ರೂಪದಲ್ಲಿ ಅದು ತಾಯಂದಿರನ್ನು ಕಾಯುತ್ತದೆ. ಡ್ರಿಪ್, ಪಂಪ್ ಇಲ್ಲದ ಸಣ್ಣ ಊರಿನ ಆಸ್ಪತ್ರೆಗಳಿಗೆ ಇದು ಎಷ್ಟು ದೊಡ್ಡ ಸುದ್ದಿ ನೋಡಿ.

ಲಕ್ವದ ವಿಷಯ ಇನ್ನೂ ಸೂಕ್ಷ್ಮ. ಮಿದುಳಿನ ರಕ್ತನಾಳ ಕಟ್ಟಿಕೊಂಡಿದ್ದರೆ, ಹೆಪ್ಪು ಕರಗಿಸುವ ಔಷಧ ಕೊಡದಿರುವಾಗ, ಸಾಮಾನ್ಯವಾಗಿ 220/120 ದಾಟುವವರೆಗೆ ಬಿಪಿ ಮುಟ್ಟುವುದಿಲ್ಲ. ಕರಗಿಸುವ ಔಷಧ ಕೊಡುವುದಾದರೆ ಮೊದಲು 185/110ಕ್ಕಿಂತ ಕೆಳಗೆ ತರಬೇಕು. ರಕ್ತನಾಳ ಒಡೆದಿದ್ದರೆ 140ರ ಹತ್ತಿರಕ್ಕೆ ಬೇಗ ತರುವುದು ಒಳ್ಳೆಯದು ಅನ್ನುವತ್ತ 2013ರ ಇಂಟರಾಕ್ಟ್-2 ಪರೀಕ್ಷೆ ಕೈತೋರಿತು. ಅದಕ್ಕಿಂತ ಇನ್ನೂ ಕೆಳಗೆ ಒತ್ತಿದರೆ ಲಾಭವಿಲ್ಲ, ಮೂತ್ರಪಿಂಡಕ್ಕೆ ಪೆಟ್ಟು ಅಂತ 2016ರ ಅಟಾಕ್-2 ಎಚ್ಚರಿಸಿತು. 2024ರಲ್ಲಿ ಚೀನಾದಲ್ಲಿ ಆಂಬುಲೆನ್ಸಿನಲ್ಲೇ ಬಿಪಿ ಇಳಿಸಿ ನೋಡಿದರು, ಸ್ಕ್ಯಾನ್ ಆಗುವ ಮೊದಲೇ, ಎರಡು ಸಾವಿರಕ್ಕೂ ಹೆಚ್ಚು ಜನರಲ್ಲಿ. ಒಟ್ಟು ಲೆಕ್ಕದಲ್ಲಿ ಲಾಭವೂ ಇಲ್ಲ, ನಷ್ಟವೂ ಇಲ್ಲ. ಬಿಡಿಸಿ ನೋಡಿದಾಗ, ರಕ್ತಸ್ರಾವವಾದವರಿಗೆ ಒಳ್ಳೆಯದಾಗಿತ್ತು, ರಕ್ತನಾಳ ಕಟ್ಟಿಕೊಂಡಿದ್ದವರಿಗೆ ಕೆಟ್ಟದ್ದಾಗಿತ್ತು. ಒಂದೇ ಸೂಜಿ, ಒಂದೇ ಅಂಕಿ. ಹೊರಗಿಂದ ನೋಡಿದರೆ ಇಬ್ಬರಿಗೂ ಬಾಯಿ ಸೊಟ್ಟ, ಕೈ ಬಿದ್ದಿದೆ. ಒಳಗೆ ಏನಾಗಿದೆ ಅಂತ ಸ್ಕ್ಯಾನ್ ಮಾಡದೆ ಯಾರೂ ಹೇಳಲಾರರು.

ಆದ್ದರಿಂದ ಮನೆಯಲ್ಲಿ ಇಂಥ ಪರಿಸ್ಥಿತಿ ಬಂದರೆ ನಾನು ಹೇಳುವುದಿಷ್ಟು. ದಾರಿಯಲ್ಲಿ ಯಾರೋ ಹೇಳಿದರು ಅಂತ ಇನ್ನೊಂದು ಮಾತ್ರೆ ನುಂಗಿಸಬೇಡಿ, ನಾಲಿಗೆ ಕೆಳಗೆ ಏನನ್ನೂ ಹಿಂಡಬೇಡಿ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಬೇಗ ಹೋಗಿ, ಮಾತು ತೊದಲಿದ್ದು ಎಷ್ಟು ಗಂಟೆಗೆ ಅಂತ ಗಡಿಯಾರ ನೋಡಿ ಇಟ್ಟುಕೊಳ್ಳಿ. ತೆಗೆದುಕೊಳ್ಳುತ್ತಿದ್ದ ಮಾತ್ರೆಗಳ ಸ್ಟ್ರಿಪ್ ಜೊತೆಗಿರಲಿ. ಯಾವಾಗಿಂದ ಬಿಟ್ಟಿದ್ದಾರೆ ಅನ್ನುವುದನ್ನು ಮುಚ್ಚಿಡಬೇಡಿ, ಏಕೆಂದರೆ ಹೀಗೆ ಬರುವವರಲ್ಲಿ ಬಹಳಷ್ಟು ಜನ "ಈಗ ಆರಾಮಿದ್ದೇನಲ್ಲ" ಅಂತ ಮಾತ್ರೆ ನಿಲ್ಲಿಸಿದವರೇ. ಆಮೇಲೆ ಮಾನಿಟರಿನ ಅಂಕಿ ನಿಧಾನಕ್ಕೆ ಇಳಿಯುತ್ತಿದ್ದರೆ ಇಳಿಯಲಿ ಬಿಡಿ. ಒಳಗೆ ಪಂಪಿನ ಪಕ್ಕ ನಿಂತವರು ಪ್ರತಿ ಹತ್ತು ನಿಮಿಷಕ್ಕೆ ಅರ್ಧರ್ಧ ಮಿಲಿ ಏರಿಸುತ್ತಲೋ ಇಳಿಸುತ್ತಲೋ ಇರುತ್ತಾರೆ. ಆ ಅರ್ಧ ಮಿಲಿಯ ಲೆಕ್ಕ ಕಲಿಯಲು ಐವತ್ತು ವರ್ಷ ಹಿಡಿದಿದೆ.